ವಿಮಾನಕ್ಕೆ ಸುಂಕದ ಭಾರ, ಕೋಟೆಗೆ ಜಾಗದ ಬರ: ಮಲಾಡ್‌ನಲ್ಲಿ ಪುಟ್ಟ ಮಾದರಿಗಳ ಕಥೆ

ಮುಂಬೈ: ಪುಟ್ಟ ಮಾದರಿ ಕಟ್ಟುವ ಹವ್ಯಾಸ ಎಂದರೆ ಹೊರದೇಶಗಳಲ್ಲಿ 1:72 ಅಳತೆಯ ವಿಮಾನ, 1:35ರ ಟ್ಯಾಂಕ್, ಜಪಾನಿನ ಗುಂಡಮ್ ರೋಬೋ. ಮಲಾಡ್‌ನಂಥ ಉಪನಗರದಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ದೀಪಾವಳಿಗೆ ಮಕ್ಕಳು ಕಟ್ಟುವ ಮಣ್ಣಿನ ಕೋಟೆ.

ಇದಕ್ಕೆ ಬೆಲೆಯೂ ಒಂದು ಕಾರಣ. ಟಮಿಯಾ, ರೆವೆಲ್‌ನಂಥ ಕಿಟ್‌ಗಳು ವಿದೇಶದಿಂದ ಬರಬೇಕು. ಕಸ್ಟಮ್ಸ್ ಪಟ್ಟಿಯಲ್ಲಿ ಅಳತೆ ಮಾದರಿಗಳೂ ಆಟಿಕೆಗಳೂ ಒಂದೇ 9503ನೇ ಶೀರ್ಷಿಕೆಯಲ್ಲಿವೆ. ದೇಶಿ ಆಟಿಕೆ ಉದ್ಯಮಕ್ಕೆ ಬಲ ತುಂಬಲು ಆಮದು ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಪೆಟ್ಟು ಬಿದ್ದದ್ದು ಹವ್ಯಾಸಿಗಳ ಜೇಬಿಗೂ.

ಕೋಟೆಗೆ ಮಣ್ಣು, ಇಟ್ಟಿಗೆ ಚೂರು, ಗೋಣಿಚೀಲ ಸಾಕು. ಸಾಸಿವೆ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುತ್ತದೆ. ಮೇಲೆ ಶಿವಾಜಿ ಮಹಾರಾಜರ ಗೊಂಬೆ. 2025ರ ಜುಲೈನಲ್ಲಿ ರಾಯಗಡ, ಪ್ರತಾಪಗಡ ಸೇರಿ 12 ಕೋಟೆಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಈ ಆಟದ ಮೌಲ್ಯ ಇನ್ನಷ್ಟು ಹೆಚ್ಚಿದೆ.

ಆದರೆ ಕೋಟೆಗೆ ಅಂಗಳ ಬೇಕು. ಹಳೆಯ ಚಾಳ್‌ಗಳು ಟವರ್‌ಗಳಾದಾಗ ಆ ಮಣ್ಣಿನ ಮೇಲೆ ಪೇವರ್ ಬ್ಲಾಕ್, ಪಾರ್ಕಿಂಗ್ ಬರುತ್ತದೆ. ಕಿಟ್‌ನ ಭವಿಷ್ಯ ಬಜೆಟ್‌ನ ಕೈಯಲ್ಲಿದ್ದರೆ, ಕೋಟೆಯ ಭವಿಷ್ಯ ಹೌಸಿಂಗ್ ಸೊಸೈಟಿ ಬಿಟ್ಟುಕೊಡುವ ಒಂದು ಮೂಲೆ ಮಣ್ಣಿನಲ್ಲಿದೆ.