ಕೂತವರ ಲೆಕ್ಕ ಸಾಕು, ಕೂರದವರ ಲೆಕ್ಕ ಕೊಡಿ!

ಖಡಕಿಯ ಕಾರ್ಮಿಕ ಬಂಧುಗಳೇ,

ಶಿಷ್ಯವೃತ್ತಿ ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ನಮ್ಮ ಸುತ್ತಲಿನ ಒಂದು ಶಾಲೆಯ ಬಾಗಿಲಿಗೆ ಆಳೆತ್ತರದ ಫಲಕ ಕಟ್ಟಿದ್ದರು. ಮಕ್ಕಳ ಫೋಟೋಗಳು, ಅವುಗಳ ಮೇಲೆ ದೊಡ್ಡ ಅಕ್ಷರದಲ್ಲಿ "ನಮ್ಮ ಶಾಲೆಯ ಫಲಿತಾಂಶ ನೂರಕ್ಕೆ 75" ಎಂಬ ಬರಹ. ನನ್ನೊಡನೆ ಹೋಟೆಲಿನಲ್ಲಿ ದುಡಿದ ಗೆಳೆಯನೊಬ್ಬ ಅದನ್ನು ಕಂಡು ಹಿಗ್ಗಿದ. ಅವನ ಮಗ ಅದೇ ಶಾಲೆಯ 5ನೆಯ ಇಯತ್ತೆಯಲ್ಲಿದ್ದ. ರಾತ್ರಿ ಹನ್ನೊಂದಕ್ಕೆ ಕೋಣೆಗೆ ಹೋಗಿ ಮಲಗಿದ್ದ ಹುಡುಗನನ್ನು ಎಬ್ಬಿಸಿ, "ನಿನ್ನ ಮಾರ್ಕು ಎಷ್ಟೋ?" ಎಂದು ಕೇಳಿದ. "ನಾನು ಪರೀಕ್ಷೆಗೆ ಕೂತೇ ಇಲ್ಲ ಅಪ್ಪ. ಹುಷಾರಿದ್ದವರ ಹೆಸರು ಮಾತ್ರ ಬರೆದುಕೊಂಡರು" ಎಂದಿತು ಮಗು.

ವಿಚಾರಿಸಿದಾಗ ತಿಳಿದದ್ದಿಷ್ಟು. ವರ್ಗದಲ್ಲಿ ಮಕ್ಕಳು 40. ಪರೀಕ್ಷೆಗೆ ಕೂರಿಸಿದ್ದು 8. ಪಾಸಾದದ್ದು 6. ಎಂಟಕ್ಕೆ ಆರು ಎಂದರೆ ನೂರಕ್ಕೆ 75, ನಿಜ. ಆದರೆ ನಲವತ್ತಕ್ಕೆ ಆರು ಎಂದರೆ ನೂರಕ್ಕೆ 15. ಬಾಗಿಲ ಮೇಲೆ ತೂಗಿದ್ದು ಮೊದಲನೆಯ ಲೆಕ್ಕ. ನಮ್ಮ ಮಕ್ಕಳ ಪಾಲಿಗೆ ಉಳಿದದ್ದು ಎರಡನೆಯದು.

ಅದು ಯಾವ ಶಾಲೆ ಎಂದು ಬರೆಯುವುದಿಲ್ಲ. ಒಂದು ಶಾಲೆಯ ಮೇಲೆ ಕೆಸರು ಎರಚಿ ಮನೆಗೆ ಹೋಗುವ ಕೆಲಸ ನನಗೆ ಬೇಡ. ಈ ರೂಢಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದನ್ನು ಹಿಡಿದು ಕೇಳಬೇಕು ಎಂಬುದಕ್ಕಾಗಿ ಬರೆಯುತ್ತಿದ್ದೇನೆ.

ಅಡಿಗೆ ಮನೆಯಲ್ಲಿ ಬೆವರು ಸುರಿಸಿದ ನಮಗೆಲ್ಲ ಗೊತ್ತಿರುವ ಮಾತೊಂದಿದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಆದರೆ ಆ ಅಗುಳನ್ನು ಯಾರು ತೆಗೆಯಬೇಕು? ಅಡಿಗೆಯವನೇ ಬೆಂದ ನಾಲ್ಕು ಅಗುಳು ಆರಿಸಿ ತಟ್ಟೆಯಲ್ಲಿಟ್ಟು "ನೋಡಿ ಧಣಿ, ಚೆನ್ನಾಗಿ ಬೆಂದಿದೆ" ಎಂದರೆ ಯಾವ ಧಣಿ ಒಪ್ಪುತ್ತಾನೆ? ಖಡಕಿಯ ಮದ್ದುಗುಂಡಿನ ಕಾರಖಾನೆ 1869ರಿಂದ ಇದೆ. ಇಂಥ ಕಾರಖಾನೆಗಳಲ್ಲಿ ಮಾಲು ಪರೀಕ್ಷಿಸುವವನು ರಾಶಿಯೊಳಗೆ ತಾನೇ ಕೈ ಹಾಕಿ ತೆಗೆಯುತ್ತಾನೆ, ಮಾಡಿದವನು ಆರಿಸಿ ಕೊಟ್ಟದ್ದನ್ನಲ್ಲ. ಗುಂಡಿಗೆ ಸಲ್ಲುವ ನ್ಯಾಯ ನಮ್ಮ ಮಕ್ಕಳಿಗೆ ಏಕೆ ಸಲ್ಲುವುದಿಲ್ಲ?

ಈ ಪರೀಕ್ಷೆ ಎಂದರೇನು ಎಂಬುದನ್ನು ತಿಳಿಯದವರಿಗಾಗಿ ನಾಲ್ಕು ಮಾತು. ಪುಣೆಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ಇದನ್ನು ನಡೆಸುತ್ತದೆ. ಶಿಷ್ಯವೃತ್ತಿ ಪರೀಕ್ಷೆ ಈ ರಾಜ್ಯದಲ್ಲಿ 1954-55ರಿಂದ ಬಂದದ್ದು. ಮೊದಲು 4 ಮತ್ತು 7ನೆಯ ಇಯತ್ತೆಗೆ ಇತ್ತು, 2016-17ರಲ್ಲಿ 5 ಮತ್ತು 8ಕ್ಕೆ ಹೋಯಿತು, 2025ರಲ್ಲಿ ಸರಕಾರ ಮತ್ತೆ 4 ಮತ್ತು 7ಕ್ಕೇ ತರಲು ನಿಶ್ಚಯಿಸಿತು. ಎರಡು ಪ್ರಶ್ನಪತ್ರಿಕೆ, ಒಂದೊಂದಕ್ಕೆ 150 ಅಂಕ. ಮೊದಲನೆಯದರಲ್ಲಿ ಪ್ರಥಮ ಭಾಷೆಗೆ 50, ಗಣಿತಕ್ಕೆ 100. ಎರಡನೆಯದರಲ್ಲಿ ಇಂಗ್ಲಿಷಿಗೆ 50, ಬುದ್ಧಿಮತ್ತೆಗೆ 100. ಪ್ರತಿಯೊಂದರಲ್ಲೂ ನೂರಕ್ಕೆ 40 ಬಂದರೆ ಪಾಸು. ಪಾಸಾದವರೆಲ್ಲರಿಗೂ ಹಣವಿಲ್ಲ, ಯಾದಿಯಲ್ಲಿ ಮೇಲೆ ಬಂದವರಿಗೆ ಮಾತ್ರ. 2023ರಲ್ಲಿ ಆ ಹಣವನ್ನು 5ನೆಯ ಇಯತ್ತೆಯವರಿಗೆ ವರ್ಷಕ್ಕೆ 5000, 8ನೆಯದಕ್ಕೆ 7500 ರೂಪಾಯಿ ಎಂದು ಏರಿಸಿದರು. ಕಪ್ಪು ಬಸಿ ತೊಳೆಯುವವನ ಮನೆಗೆ ಇದು ಸಣ್ಣ ಮೊತ್ತವಲ್ಲ.

ಈ ಪರೀಕ್ಷೆಗೆ ಕೂರುವುದು ಕಡ್ಡಾಯವಲ್ಲ. ಕಳ್ಳದಾರಿ ಇರುವುದೇ ಅಲ್ಲಿ. ಯಾರ ಫಾರ್ಮು ತುಂಬಬೇಕು ಎಂದು ಶಾಲೆಯೇ ತೀರ್ಮಾನಿಸಿದರೆ ಫಲಿತಾಂಶವನ್ನೂ ಶಾಲೆಯೇ ತೀರ್ಮಾನಿಸಿದಂತೆ. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದ ಆಳಿನ ಗತಿ ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೆಸರಿಲ್ಲದವನಿಗೆ ಬೋನಸ್ಸಿಲ್ಲ, ಫಂಡಿಲ್ಲ, ರಜೆಯಿಲ್ಲ. ಇನ್‌ಸ್ಪೆಕ್ಟರು ಬಂದ ದಿನ ಅವನನ್ನು ಹಿಂಬಾಗಿಲಿನಿಂದ ಹೊರಗೆ ಕಳಿಸುತ್ತಾರೆ. ಅಪ್ಪನನ್ನು ಹಿಂಬಾಗಿಲಿನಿಂದ ಕಳಿಸಿದರು. ಈಗ ಮಗನನ್ನೂ ಹಾಗೆಯೇ ಕಳಿಸುತ್ತಿದ್ದಾರೆ!

"ನಿಮ್ಮ ಮಕ್ಕಳಿಗೆ ತಲೆ ಇಲ್ಲ, ಕೂರಿಸಿ ಏನು ಪ್ರಯೋಜನ?" ಎನ್ನುವವರಿದ್ದಾರೆ. ಹಿಂದಿನ ಮಾಣಿಗಳು ಹತ್ತು ಮೇಜಿನ ತಿಂಡಿಯನ್ನು ಕಾಗದ ಪೆನ್ಸಿಲಿಲ್ಲದೆ ನೆನಪಿಟ್ಟು, ಗಿರಾಕಿ ಎದ್ದು ಹೋಗುವಾಗ ಗಲ್ಲೆಯವನಿಗೆ ಕೇಳುವಂತೆ ಬಿಲ್ಲು ಕೂಗುತ್ತಿದ್ದರು. ಒಂದು ಕಾಸು ತಪ್ಪಿದರೆ ಪಗಾರದಲ್ಲಿ ಮುರಿಯುತ್ತಿದ್ದರು. ಅದು ಗಣಿತವಲ್ಲವೇ? ಬುದ್ಧಿಮತ್ತೆಯಲ್ಲವೇ? ತಲೆ ಇಲ್ಲದವರ ಕುಲವಲ್ಲ ನಮ್ಮದು. ಪುಸ್ತಕ ಬಿಡಿಸಿ ಕೂರಲು ಒಂದು ಮೂಲೆ, ಒಂದು ದೀಪ, ಒಂದು ತಾಸು ಸಿಗದವರ ಕುಲ.

ಭಾಷೆಯ ಮಾತು ಬೇರೆ ಇದೆ. ಈ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ಬರೆಯಬಹುದು. ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳಿಗೆ ಅದು ಉಪಯೋಗ. ಆದರೆ ಖಡಕಿಯ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಲಿಯುವುದು ಮರಾಠಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ. ಅವರ ಪ್ರಶ್ನಪತ್ರಿಕೆಯಲ್ಲಿ "ಪ್ರಥಮ ಭಾಷೆ" ಎಂದು ಅಚ್ಚಾದದ್ದು ಅವರ ತಾಯಿ ಆಡುವ ಭಾಷೆಯಲ್ಲ. ಮೊದಲ 50 ಅಂಕದ ಓಟದಲ್ಲಿ ಅವರು ಹತ್ತು ಮಾರು ಹಿಂದಿನಿಂದ ಹೊರಡುತ್ತಾರೆ. ಇದನ್ನು ಮರಾಠಿಯ ಮೇಲಿನ ದೂರು ಎಂದು ಯಾರೂ ತಿಳಿಯಬಾರದು. ಪಕ್ಕದ ಬೆಂಚಿನ ಮರಾಠಿ ಕೂಲಿಕಾರನ ಮಗಳ ಹೆಸರನ್ನೂ ಯಾರೂ ಬರೆದುಕೊಂಡಿಲ್ಲ. ಭಾಷೆ ಎರಡಾದರೂ ಬೆಂಚು ಒಂದೇ.

ಇನ್ನು ಕೆಲವು ದೊಡ್ಡ ಮನಸ್ಸಿನವರು, "ಪರೀಕ್ಷೆಯೇ ಬಡವರ ಶತ್ರು, ಎಲ್ಲ ಪರೀಕ್ಷೆ ತೆಗೆದುಹಾಕಿ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಟನೆಯ ಇಯತ್ತೆಯ ತನಕ ಯಾರನ್ನೂ ನಾಪಾಸು ಮಾಡಬಾರದು ಎಂದಿತು. ಉದ್ದೇಶ ಒಳ್ಳೆಯದು. ಆದರೆ ಓದಲು ಬಾರದ ಮಗುವನ್ನೂ ವರ್ಷ ವರ್ಷ ಮುಂದೆ ನೂಕಿ, ಕೊನೆಗೆ ಕೈಯಲ್ಲೊಂದು ದಾಖಲೆ ಕೊಟ್ಟು ಕಳಿಸುವುದಕ್ಕೂ ಅದು ನೆಪವಾಯಿತು. 2019ರಲ್ಲಿ ಕಾಯಿದೆಯನ್ನು ತಿದ್ದಿದರು. 2023ರಲ್ಲಿ ಮಹಾರಾಷ್ಟ್ರ ಸರಕಾರ 5 ಮತ್ತು 8ಕ್ಕೆ ವಾರ್ಷಿಕ ಪರೀಕ್ಷೆಯನ್ನು ಮತ್ತೆ ತಂದಿತು. ತಪ್ಪಿದರೆ ಇನ್ನೊಂದು ಪರೀಕ್ಷೆ, ಅದರಲ್ಲೂ ತಪ್ಪಿದರೆ ಅದೇ ವರ್ಗ. ಆಗ ದಂಡ ತೆರುವವರು ಯಾರು? ಹತ್ತು ವರ್ಷದ ಮಗು. ಐದು ವರ್ಷ ಕಲಿಸದೆ ಬಿಟ್ಟವರಿಗೆ ಯಾವ ವರ್ಗದಲ್ಲಿ ಮತ್ತೆ ಕೂರುವ ಶಿಕ್ಷೆ? ಪರೀಕ್ಷೆ ಬೇಕು ಬಂಧುಗಳೇ, ಆದರೆ ಅದು ಶಾಲೆಯ ಮತ್ತು ಶಾಲೆ ನಡೆಸುವವರ ಪರೀಕ್ಷೆಯಾಗಬೇಕು.

ಅಂಕವನ್ನೇ ದೇವರು ಮಾಡಿದರೆ ಏನಾಗುತ್ತದೆಂದು ಲೋಕ ಕಂಡಿದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಫಲಿತಾಂಶ ನೋಡಿ ಶಾಲೆಗೆ ಹಣ ಎಂಬ ನಿಯಮ ಬಂತು. ಇನ್‌ಸ್ಪೆಕ್ಟರು ಬರುವ ದಿನಕ್ಕಾಗಿ ಮಕ್ಕಳಿಗೆ ಗಿಳಿಪಾಠ ಮಾಡಿಸುವುದೇ ಕಲಿಕೆಯಾಯಿತು. ಅಮೆರಿಕದ ಅಟ್ಲಾಂಟಾ ನಗರದ ಸರಕಾರಿ ಶಾಲೆಗಳಲ್ಲಿ 2009ರ ಪರೀಕ್ಷೆಯಲ್ಲಿ ಮಕ್ಕಳ ಉತ್ತರಗಳನ್ನು ಮಾಸ್ತರರೇ ತಿದ್ದಿದರು. 2011ರ ತನಿಖೆಯಲ್ಲಿ 44 ಶಾಲೆಗಳ ಹೆಸರು ಹೊರಬಿತ್ತು. 2015ರಲ್ಲಿ 11 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ದೂರ ಏಕೆ ಹೋಗಬೇಕು? 2021ರ ಡಿಸೆಂಬರಿನಲ್ಲಿ ಪುಣೆಯ ಪೊಲೀಸರು ಇದೇ ಪರೀಕ್ಷಾ ಪರಿಷತ್ತಿನ ಆಗಿನ ಆಯುಕ್ತರನ್ನು ಶಿಕ್ಷಕರ ಅರ್ಹತಾ ಪರೀಕ್ಷೆಯ ಅವ್ಯವಹಾರದ ಆರೋಪದ ಮೇಲೆ ಬಂಧಿಸಿದರು. ದೊಡ್ಡವರ ಪರೀಕ್ಷೆಯ ಮೇಲೆಯೇ ಇಂಥ ಆರೋಪ ಬರುವಲ್ಲಿ, ಬಾಗಿಲಿಗೆ ಕಟ್ಟಿದ ಫಲಕವನ್ನು ಕೈಮುಗಿದು ನಂಬಬೇಕೇ?

ಎಲ್ಲ ತಪ್ಪನ್ನೂ ಮಾಸ್ತರರ ತಲೆಗೆ ಕಟ್ಟುವವನಲ್ಲ ನಾನು. ಅವರೂ ಪಗಾರಕ್ಕೆ ದುಡಿಯುವವರೇ. ಚುನಾವಣೆಗೆ ಅವರು, ಜನಗಣತಿಗೆ ಅವರು. 5ನೆಯ ಇಯತ್ತೆಯ ತನಕ 30 ಮಕ್ಕಳಿಗೆ ಒಬ್ಬರು, ಅದರ ಮೇಲೆ 35ಕ್ಕೆ ಒಬ್ಬರು ಮಾಸ್ತರರು ಇರಬೇಕೆಂದು ಕಾಯಿದೆಯಲ್ಲಿದೆ. ಅಷ್ಟು ಮಂದಿ ಇದ್ದಾರೆಯೇ ಎಂದು ಮೊದಲು ಕೇಳಬೇಕು. ಮೇಲಿನವರು ಫಲಿತಾಂಶದ ಅಂಕೆ ಮಾತ್ರ ಕೇಳಿದರೆ ಕೆಳಗಿನವರು ಅಂಕೆಯನ್ನು ಮಾತ್ರ ತಯಾರಿಸುತ್ತಾರೆ. ಹೋಟೆಲಿನಲ್ಲೂ ನಡೆಯುವುದು ಇದೇ ಅಲ್ಲವೇ?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಬೋರ್ಡಿನ ಶಾಲೆ ಎಂದರೆ ಮೂಗು ಮುರಿದು, ಧಣಿಯಿಂದ ಮುಂಗಡ ತೆಗೆದು, ಇಂಗ್ಲಿಷು ಹೆಸರಿನ ಅಂಗಡಿ ಶಾಲೆಗೆ ಸುರಿಯುವವರು ನಮ್ಮಲ್ಲೇ ಇದ್ದಾರೆ. ಮುಂಗಡ ತೀರುವ ತನಕ ಆ ಹೋಟೆಲು ಬಿಡುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ಮಗನ ಫೀಯೇ ಅಪ್ಪನ ಕಾಲಿನ ಸಂಕೋಲೆ. ಇತ್ತ ಬೋರ್ಡಿನ ಶಾಲೆಯಲ್ಲಿ ಪ್ರಶ್ನೆ ಕೇಳುವ ಒಬ್ಬ ತಂದೆ ಕಡಿಮೆಯಾದ.

ಇದು ಜ್ಯೋತಿಬಾ ಫುಲೆಯವರ ಊರು. 1848ರಲ್ಲಿ ಅವರು ಹೆಣ್ಣುಮಕ್ಕಳ ಶಾಲೆ ತೆರೆದದ್ದು ಇದೇ ಪುಣೆಯಲ್ಲಿ. 1882ರಲ್ಲಿ ಹಂಟರ್ ಆಯೋಗದ ಮುಂದೆ ಅವರು ಆಡಿದ ಮಾತಿನ ತಿರುಳು ಇಷ್ಟೇ: ತೆರಿಗೆ ತೆರುವವನು ರೈತ, ಅದರಿಂದ ಕಲಿಯುವವರು ಮೇಲಿನವರ ಮಕ್ಕಳು. ಮುಂಬಯಿಯಲ್ಲಿ ನಮ್ಮ ಹಿರಿಯರು ಸುಮ್ಮನಿರಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್‌ನಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಹಗಲೆಲ್ಲ ಮೇಜು ಒರೆಸಿದ ಹುಡುಗರು ರಾತ್ರಿ ಕನ್ನಡ ಅಕ್ಷರ ತಿದ್ದಿ ಮ್ಯಾಟ್ರಿಕ್ ಪಾಸು ಮಾಡಿದರು. ಅವರನ್ನು ಹುಷಾರಿಲ್ಲ ಎಂದು ಬಾಗಿಲಲ್ಲಿ ನಿಲ್ಲಿಸಿದ್ದರೆ ಏನಾಗುತ್ತಿತ್ತು?

ಈಗ ಮಾಡಬೇಕಾದ ಕೆಲಸ.

ಒಂದು. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ತಂದೆತಾಯಿಗಳೇ ಮುಕ್ಕಾಲು ಪಾಲು ಇರಬೇಕಾದ ವ್ಯವಸ್ಥಾಪನ ಸಮಿತಿ ಕಾಯಿದೆಯಲ್ಲೇ ಇದೆ. ಅದರಲ್ಲಿ ಅರ್ಧ ಹೆಂಗಸರು. ಆ ಕುರ್ಚಿಗಳಲ್ಲಿ ನಮ್ಮ ಅಕ್ಕತಂಗಿಯರು ಕೂರಬೇಕು. ಸಭೆಯನ್ನು ಮಧ್ಯಾಹ್ನ ಮೂರರಿಂದ ಐದರ ಹೋಟೆಲು ಬಿಡುವಿನಲ್ಲಿ ಇಡಿರೆಂದು ಬರೆದು ಕೊಡಬೇಕು.

ಎರಡು. 2006ರ ಕಂಟೋನ್ಮೆಂಟ್ ಕಾಯಿದೆಯಂತೆ ದಂಡಿನ ಪ್ರದೇಶದಲ್ಲಿ ಪ್ರಾಥಮಿಕ ಶಾಲೆಯ ವ್ಯವಸ್ಥೆ ಬೋರ್ಡಿನ ಕರ್ತವ್ಯ, ಅದು ದಾನವಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಮೂರೇ ಪ್ರಶ್ನೆ ಹಾಕೋಣ: ವರ್ಗದಲ್ಲಿ ಮಕ್ಕಳೆಷ್ಟು? ಪರೀಕ್ಷೆಗೆ ಕೂತವರೆಷ್ಟು? ಪಾಸಾದವರೆಷ್ಟು? ರಾಜ್ಯ ಸರಕಾರ 2023ರಲ್ಲಿ ಆರಂಭಿಸಿದ ನಿಯತಕಾಲಿಕ ಮೌಲ್ಯಮಾಪನ ಆರಿಸಿದ ಮಕ್ಕಳಿಗಷ್ಟೇ ಅಲ್ಲ, ಇಡೀ ವರ್ಗಕ್ಕೆ ನಡೆಯುವಂಥದ್ದು. ಅದರ ಲೆಕ್ಕವನ್ನೂ ಕೇಳೋಣ.

ಮೂರು. ನಮ್ಮ ಲೆಕ್ಕ ನಾವೇ ತೆಗೆಯೋಣ. "ಪ್ರಥಮ್" ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಎರಡನೆಯ ಇಯತ್ತೆಯ ಪಾಠ ಕೊಟ್ಟು ಓದಿಸಿ ನೋಡುತ್ತಾರೆ, ಕಳೆಯುವ ಭಾಗಿಸುವ ಲೆಕ್ಕ ಮಾಡಿಸುತ್ತಾರೆ. ಮನೆಯಲ್ಲೇ ನೋಡುವುದರಿಂದ ಯಾವ ಮಗುವನ್ನೂ ಬಚ್ಚಿಡಲಾಗದು. ಸಂಘದ ಇಪ್ಪತ್ತು ಜನ ಎರಡು ರಜೆಯ ದಿನ ಕೊಟ್ಟರೆ ಖಡಕಿ ಬಜಾರಿನಿಂದ ಬೋಪೋಡಿಯ ತನಕ ನಮ್ಮ ಚಾಳುಗಳನ್ನು ಸುತ್ತಬಹುದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನಾನೇ ಮಾಡಬಲ್ಲ ಕೆಲಸ ಇದು.

ಆ ಗೆಳೆಯನ ಮಗನ ಕೈಗೆ ನಾನು ಅಂಥದೇ ಒಂದು ಪಾಠ ಕೊಟ್ಟೆ. ತಡವರಿಸಿ, ಬೆರಳಿಟ್ಟು, ಕೊನೆಯ ಸಾಲಿನ ತನಕ ಓದಿದ. ಓದಿ ಮುಗಿಸಿ, "ಮಾಮಾ, ಬರುವ ವರ್ಷ ನನ್ನ ಹೆಸರು ಬರೆದುಕೊಳ್ಳುತ್ತಾರಾ?" ಎಂದು ಕೇಳಿದ.

ನಾನು ಉತ್ತರ ಕೊಟ್ಟಿಲ್ಲ. ಅದನ್ನು ಕೊಡಬೇಕಾದವರು ನೀವು. ರಜೆಯ ದಿನ ಬರೆಸಲು ಸಂಘದ ಕೋಣೆಗೆ ಬನ್ನಿ.

— ಒಬ್ಬ ಹೋಟೆಲು ಕಾರ್ಮಿಕ, ಖಡಕಿ