ನಾವಿಕನ ಗಡಿಯಾರ

ಕಡಲ ಯಾನದ ಕಥೆಯನ್ನು ಹೇಳುವವರೆಲ್ಲರೂ ದಿಕ್ಸೂಚಿಯನ್ನು ಕೊಂಡಾಡುತ್ತಾರೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ದಿಕ್ಸೂಚಿಯು ಹೋಗಬೇಕಾದ ದಿಕ್ಕನ್ನು ತಿಳಿಸಬಲ್ಲುದೇ ಹೊರತು, ಹಡಗು ಈಗ ಎಲ್ಲಿದೆಯೆಂಬುದನ್ನು ತಿಳಿಸಲಾರದು. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟದ್ದು ಗಡಿಯಾರ. ನೌಕಾಯಾನದ ಇತಿಹಾಸದಲ್ಲಿ ಅದಕ್ಕೆ ದೊರೆತಿರುವ ಮನ್ನಣೆ ತೀರ ಕಡಿಮೆ.

ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆದು ನಾವಿಕರು ಅಕ್ಷಾಂಶವನ್ನು ಬಹು ಹಿಂದೆಯೇ ಅರಿಯುತ್ತಿದ್ದರು. ರೇಖಾಂಶ ಮಾತ್ರ ಕೈಗೆಟುಕದೆ ಉಳಿದಿತ್ತು. ಭೂಮಿಯು ಗಂಟೆಗೆ 15 ಡಿಗ್ರಿಗಳಷ್ಟು ತಿರುಗುತ್ತದೆ. ಆದುದರಿಂದ ಹೊರಟ ಬಂದರಿನಲ್ಲಿ ಈಗ ಎಷ್ಟು ಗಂಟೆಯೆಂಬುದು ನಡುಗಡಲಿನಲ್ಲಿ ಗೊತ್ತಾದರೆ, ಅದನ್ನು ಅಲ್ಲಿಯ ಸೂರ್ಯನ ವೇಳೆಯೊಡನೆ ಹೋಲಿಸಿ ರೇಖಾಂಶವನ್ನು ಕಂಡುಕೊಳ್ಳಬಹುದು. ಲೆಕ್ಕವೇನೋ ಸುಲಭ! ಆದರೆ ಗಡಿಯಾರ 4 ನಿಮಿಷ ತಪ್ಪಿದರೆ ಭೂಮಧ್ಯರೇಖೆಯ ಬಳಿ ಲೆಕ್ಕವು ಸುಮಾರು 111 ಕಿಲೋಮೀಟರುಗಳಷ್ಟು ತಪ್ಪುತ್ತದೆ. ಅಂದಿನ ಲೋಲಕದ ಗಡಿಯಾರಗಳಾದರೋ ಹಡಗಿನ ಹೊಯ್ದಾಟದಲ್ಲಿ ಸರಿಯಾಗಿ ನಡೆಯುತ್ತಲೇ ಇರಲಿಲ್ಲ. 1707ರಲ್ಲಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ತಾವಿರುವ ಸ್ಥಳವನ್ನರಿಯದೆ ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದವು. ಸಾವಿರಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು.

1714ರಲ್ಲಿ ಬ್ರಿಟಿಷ್ ಸಂಸತ್ತು ರೇಖಾಂಶವನ್ನು ತಿಳಿಯುವ ಉಪಾಯಕ್ಕೆ 20,000 ಪೌಂಡುಗಳವರೆಗಿನ ಬಹುಮಾನವನ್ನು ಸಾರಿತು. ಖಗೋಳಶಾಸ್ತ್ರಜ್ಞರು ಚಂದ್ರನ ಚಲನೆಯಲ್ಲಿ ಉತ್ತರವನ್ನು ಅರಸಿದರು. ಆ ಮಾರ್ಗವೂ ಸುಳ್ಳಲ್ಲ. ಆದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಚಂದ್ರನೇ ಕಾಣದಿದ್ದರೆ ನಾವಿಕನು ಮಾಡುವುದೇನು? ಜಾನ್ ಹ್ಯಾರಿಸನ್ ಎಂಬ ಬಡಗಿ ಹಲವು ವರ್ಷ ಶ್ರಮಿಸಿ, ಸುಮಾರು 13 ಸೆಂಟಿಮೀಟರು ಅಡ್ಡಗಲದ ಗಡಿಯಾರವೊಂದನ್ನು 1759ರಲ್ಲಿ ಪೂರೈಸಿದನು. 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ, 81 ದಿನಗಳ ಬಳಿಕ ಅದು ಹಿಂದೆ ಬಿದ್ದದ್ದು ಸುಮಾರು 5 ಸೆಕೆಂಡು ಮಾತ್ರ. ಆದರೂ ರೇಖಾಂಶ ಮಂಡಲಿಯವರು ಪರೀಕ್ಷೆಯ ಮೇಲೆ ಪರೀಕ್ಷೆಯನ್ನೊಡ್ಡಿದರು. ಪರೀಕ್ಷಿಸುವುದು ಶಾಸ್ತ್ರಜ್ಞರ ಧರ್ಮವೇ; ಆದರೆ ಚಂದ್ರಮಾರ್ಗದ ಪಕ್ಷಪಾತಿಗಳೇ ಪರೀಕ್ಷಕರ ಪೀಠದಲ್ಲಿದ್ದುದು ನ್ಯಾಯವೆನಿಸದು. ದೊರೆ ಮೂರನೆಯ ಜಾರ್ಜನ ಬೆಂಬಲದಿಂದ 1773ರಲ್ಲಿ ಸಂಸತ್ತು ಬಹುಮಾನದ ಬಾಕಿಯಾಗಿ 8,750 ಪೌಂಡುಗಳನ್ನು ಕೊಡಿಸಿದಾಗ ಆ ಬಡಗಿಗೆ 80 ವರ್ಷ.

ಇಂದು ದಾರಿ ತೋರಿಸುವ ಉಪಗ್ರಹಗಳ ಜೀವಾಳವೂ ಗಡಿಯಾರವೇ. ಉಪಗ್ರಹದ ಸಂಕೇತವು ನೆಲವನ್ನು ಮುಟ್ಟಲು ಹಿಡಿದ ಕಾಲದಿಂದ ದೂರವನ್ನು ಗುಣಿಸುತ್ತಾರೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರವು 300 ಮೀಟರು ತಪ್ಪುತ್ತದೆ. ಹಾಸನದಲ್ಲಿ ನಿಯಂತ್ರಣ ಕೇಂದ್ರವಿರುವ ಭಾರತದ ಉಪಗ್ರಹ ಮಾಲೆಯಲ್ಲಿ, 2013ರಲ್ಲಿ ಹಾರಿಸಿದ ಮೊದಲನೆಯದರ ಮೂರು ಪರಮಾಣು ಗಡಿಯಾರಗಳೂ ಕೆಟ್ಟಿವೆಯೆಂದು 2017ರಲ್ಲಿ ತಿಳಿದುಬಂದಿತು. ಉಪಗ್ರಹವು ಕಕ್ಷೆಯಲ್ಲಿ ಸುತ್ತುತ್ತಲೇ ಇದ್ದರೂ ಸ್ಥಳವನ್ನು ತಿಳಿಸಲಾರದೆ ಹೋಯಿತು. ಆ ಗಡಿಯಾರಗಳು ಹೊರದೇಶದಿಂದ ತರಿಸಿದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದಲ್ಲಿ ರೂಪುಗೊಂಡ ರುಬಿಡಿಯಂ ಗಡಿಯಾರವನ್ನು ಇರಿಸಲಾಯಿತು.