ತಾರೀಖಿಲ್ಲದ ಬ್ಯಾಲೆನ್ಸ್ ಶೀಟು

ಬ್ಯಾಲೆನ್ಸ್ ಶೀಟಿನ ತಲೆಯ ಮೇಲೆ 'ಮಾರ್ಚ್ 31ರಂದು ಇದ್ದಂತೆ' ಅಂತ ಬರೆಯದಿದ್ದರೆ ನಮ್ಮ ಅಕೌಂಟ್ಸ್ ಮೇಷ್ಟ್ರು ಅಂಕ ಕೊಡೋದಿಲ್ಲ. ವಿದ್ಯುತ್ ಕಾರು ಮಾರುವವರಿಗೆ ಮಾತ್ರ ಈ ನಿಯಮವಿಲ್ಲ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಇಷ್ಟೇ ಸೆಕೆಂಡು ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಬ್ಯಾಟರಿ ಎಷ್ಟು ತುಂಬಿದ್ದಾಗ? ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಪೆಟ್ರೋಲ್ ಕಾರಿಗೆ ಈ ಪ್ರಶ್ನೆಯೇ ಏಳದು. ಟ್ಯಾಂಕಿನಲ್ಲಿ 30 ಲೀಟರ್ ಇರಲಿ, 3 ಲೀಟರ್ ಇರಲಿ, ಎಂಜಿನ್ನಿನ ಶಕ್ತಿ ಅಷ್ಟೇ. ಬ್ಯಾಟರಿ ನಮ್ಮ ಊರಿನ ಎತ್ತಿನ ಹಾಗೆ. ಹೊಟ್ಟೆ ಬರಿದಾದಂತೆ ಎಳೆತವೂ ಕುಗ್ಗುತ್ತದೆ. ಸಾಮಾನ್ಯ ಲಿಥಿಯಂ ಕೋಶ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್, ಬರಿದಾಗುವಾಗ 3ರ ಹತ್ತಿರ. ಶಕ್ತಿ ಅಂದ್ರೆ ವೋಲ್ಟೇಜು ಗುಣಿಸು ಕರೆಂಟು. ಒಂದು ಇಳಿದರೆ ಲಬ್ಧವೂ ಇಳಿಯುತ್ತೆ. ಚಾರ್ಜು ತೀರಾ ತಗ್ಗಿದಾಗ ಕೋಶದ ಒಳರೋಧ ಹೆಚ್ಚುತ್ತದೆ. ಕೋಶ ಕೆಡಬಾರದೆಂದು ಕಾರಿನ ನಿಯಂತ್ರಕವೇ ಕರೆಂಟನ್ನು ಬಿಗಿ ಹಿಡಿಯುತ್ತದೆ. ಐರನ್ ಫಾಸ್ಫೇಟ್ ಕೋಶಗಳಲ್ಲಿ ವೋಲ್ಟೇಜು ಬಹುಪಾಲು ಸಮನಾಗಿದ್ದು, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ.

ಇದು ಗುಟ್ಟೇನಲ್ಲ. ಟೆಸ್ಲಾ ಕಂಪನಿ 2014ರಲ್ಲಿ ಪಿ85ಡಿ ಕಾರಿಗೆ ಎರಡು ಮೋಟಾರುಗಳ ಲೆಕ್ಕ ಕೂಡಿಸಿ 691 ಅಶ್ವಶಕ್ತಿ ಎಂದಿತು. ಕೊಂಡವರು ಜಗಳ ತೆಗೆದ ಮೇಲೆ, 2015ರಲ್ಲಿ ಅದರ ತಾಂತ್ರಿಕ ಮುಖ್ಯಸ್ಥ ಜೆ.ಬಿ. ಸ್ಟ್ರಾಬೆಲ್ ವಿವರಣೆ ಬರೆದರು: ಬ್ಯಾಟರಿ ಕೊಡುವ ಶಕ್ತಿಯೇ ಬೇರೆ, ಅದು ಚಾರ್ಜು ಮತ್ತು ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ ಅಂತ. ಮಾರುವ ಮೊದಲೇ ಹೇಳಬೇಕಾದ ಮಾತಲ್ಲವೇ ಇದು?

'ಊರೊಳಗಿನ ಟ್ರಾಫಿಕ್ಕಿನಲ್ಲಿ ಅಷ್ಟು ವೇಗ ಯಾರಿಗೆ ಬೇಕಪ್ಪಾ?' ಎಂದು ಕೆಲವರು ಕೇಳಬಹುದು. ದಾದರಿನಲ್ಲಿ ಬೇಡ, ಒಪ್ಪಿದೆ. ಆದರೆ ಪುಣೆಗೆ ಹೊರಟು ಖಂಡಾಲಾ ಘಾಟಿನಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಆ ಎಳೆತವೇ ಪ್ರಾಣ. ಬಂಗಲೆಯಲ್ಲಿ ಸ್ವಂತ ಚಾರ್ಜರ್ ಇಟ್ಟವನು ದಿನಾ ತುಂಬಿಸಿಕೊಂಡೇ ಹೊರಡುತ್ತಾನೆ. ಚಾಳಿನಲ್ಲಿರುವ ಟ್ಯಾಕ್ಸಿಯವನು ಪಾಳಿಯ ಕೊನೆಗೆ ಇಪ್ಪತ್ತರಲ್ಲೇ ಓಡಿಸಬೇಕು. ಇಬ್ಬರೂ ತೆತ್ತ ಬೆಲೆ ಒಂದೇ, ಕೈಗೆ ಸಿಕ್ಕ ಕಾರು ಒಂದೇ ಅಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ ತಿಳಿಯುವ ಹಕ್ಕನ್ನು ನಮಗೆ ಕೊಟ್ಟಿದೆ. ನಾನು ಕೇಳುವುದು ಮೂರೇ ಕಲಮು: ಬ್ಯಾಟರಿ 100ರಲ್ಲಿ ಎಷ್ಟು ಸೆಕೆಂಡು, 50ರಲ್ಲಿ ಎಷ್ಟು, 20ರಲ್ಲಿ ಎಷ್ಟು. ಅಂಕಿ ಮೂರೂ ಅವರ ಪ್ರಯೋಗಶಾಲೆಯಲ್ಲಿ ಇದ್ದೇ ಇರುತ್ತೆ. ಅಚ್ಚು ಹಾಕಲು ಖರ್ಚಾಗುವುದು ಒಂದು ಸಾಲಿನ ಶಾಯಿ.